ಕಿತ್ತೂರಿನ ಯಂತ್ರ, ಕಪ್ಪತಗುಡ್ಡದ ನೆರಳು

ಗದಗ-ಬೆಟಗೇರಿಗೆ 08372. ಮುಂಡರಗಿಗೆ 08371. ಶಿರಹಟ್ಟಿ, ಲಕ್ಷ್ಮೇಶ್ವರ ಎರಡಕ್ಕೂ ಕೂಡಿ 08487. ಒಂದು ಕಾಲಕ್ಕೆ ನಮ್ಮ ಕಡೆ ಅಂಗಡಿಯ ಬೋರ್ಡಿನ ಮೇಲೆ, ಲಗ್ನಪತ್ರಿಕೆಯ ಕೆಳತುದಿಯಲ್ಲಿ, ದಲಾಲಿ ಅಂಗಡಿಯವರ ಪಟ್ಟಿಯ ತಲೆಯಲ್ಲಿ ಈ ಎಸ್‌ಟಿಡಿ ಕೋಡುಗಳು ತಪ್ಪದೆ ಇರುತ್ತಿದ್ದವು. ನಾನು ಟೆಲಿಫೋನ್ ಖಾತೆಗೆ ಟೆಕ್ನಿಷಿಯನ್ ಆಗಿ ಸೇರಿ, ಈ ಊರುಗಳ ಎಕ್ಸ್‌ಚೇಂಜುಗಳಲ್ಲಿ ದುಡಿದು ನಿವೃತ್ತನಾದವನು. ಈಗ ಎಂಜಿನಿಯರಿಂಗ್ ಓದುವ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. “ಸರ್, 6ಜಿ ಮ್ಯಾಲೆ ಪ್ರಾಜೆಕ್ಟ್ ಮಾಡಾಕತ್ತೀವ್ರಿ, ಒಂದೀಟು ನೋಡಿ ಹೇಳ್ರಿ” ಅನ್ನುತ್ತಾರೆ. ಸಂತೋಷದಿಂದ ನೋಡುತ್ತೇನೆ. ಅವರ ವರದಿಯ ಮೊದಲ ಪುಟಗಳಲ್ಲಿ ಅಮೆರಿಕ, ಜಪಾನು, ಕೊರಿಯಾದ ಹೆಸರುಗಳಿರುತ್ತವೆ. ಕಿತ್ತೂರಿನ ಹೆಸರು ಇರುವುದಿಲ್ಲ. ಅದು ಅಲ್ಲಿ ಇರಬೇಕು ಅನ್ನುವುದಕ್ಕೇ ಈ ಬರಹ.

ಮೊದಲು ಹಳೆಯ ಕಾಲವನ್ನು ಹೇಳಬೇಕು. ಈ ನಾಲ್ಕು ಊರುಗಳು ಒಂದೇ ಜಿಲ್ಲೆಯಲ್ಲಿರುವುದು ಇತ್ತೀಚಿನ ಸಂಗತಿ. ಸ್ವಾತಂತ್ರ್ಯಕ್ಕೆ ಮೊದಲು ಗದಗ, ಮುಂಡರಗಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಬಸ್ಸಿನಲ್ಲಿ ಗಂಟೆಯೊಳಗೆ ಮುಟ್ಟುವ ಊರುಗಳ ನಡುವೆ ಮೂರು ಆಡಳಿತಗಳ ಗಡಿ ಹಾದುಹೋಗಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಎಲ್ಲವೂ ಕನ್ನಡ ರಾಜ್ಯಕ್ಕೆ ಬಂದವು, ಗದಗ ಜಿಲ್ಲೆ ಆದದ್ದು 1997ರಲ್ಲಿ. ಆಡಳಿತದ ಗಡಿಗಳು ಹೀಗೆ ಅಳಿಸಿದವು. ಆದರೆ ಊರಿಂದ ಊರಿಗೆ ಮಾತು ಮುಟ್ಟುವುದು ಅದಕ್ಕಿಂತ ನಿಧಾನವಾಗಿ ನಡೆಯಿತು.

ನಾನು ಸೇರಿದಾಗ ಸಣ್ಣ ಊರುಗಳಲ್ಲಿ ಹ್ಯಾಂಡಲ್ ತಿರುಗಿಸುವ ಮ್ಯಾಗ್ನೆಟೊ ಫೋನುಗಳಿದ್ದವು. ವರ್ತಕರು ಹ್ಯಾಂಡಲ್ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ಆ ನಂಬರಿನ ಮುಚ್ಚಳ ಕೆಳಗೆ ಬೀಳುತ್ತಿತ್ತು. ಆಪರೇಟರು ಪ್ಲಗ್ಗಿನ ವೈರು ಹಚ್ಚಿ “ನಂಬರ್ ಹೇಳ್ರಿ” ಅನ್ನಬೇಕು. ಊರಿನೊಳಗಿನ ಮಾತಾದರೆ ಅಲ್ಲೇ ಜೋಡಿಸಿಬಿಡುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಧಾರಣೆ ಕೇಳಬೇಕು, ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗೆ ಸುದ್ದಿ ಮುಟ್ಟಿಸಬೇಕು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆರ್ಡಿನರಿ ಬುಕ್ ಮಾಡಿದರೆ ದಿನದ ವಹಿವಾಟು ಮುಗಿಯುವ ಹೊತ್ತಿಗೆ ಸಿಕ್ಕರೆ ಸಿಕ್ಕಿತು. ಅರ್ಜೆಂಟಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗಿಗೆ ಎಂಟು ಪಟ್ಟು. ಗುಡ್ಡದ ಬದಿಯ ರಸ್ತೆಗುಂಟ ಕಂಬದಿಂದ ಕಂಬಕ್ಕೆ ಎಳೆದ ತೆರೆದ ತಂತಿಯೇ ದಾರಿ. ಹುಣಸೆಮರದ ಟೊಂಗೆ ತಾಗಿದರೆ ಗೊರಗೊರ ಸದ್ದು, ಕಳ್ಳರು ತಾಮ್ರದ ತಂತಿ ಕತ್ತರಿಸಿದರೆ ಇಡೀ ಊರು ಮೂಗ. ಲೈನ್‌ಮನ್‌ಗಳು ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಸೈಕಲ್ ಮೇಲೆ ಹತ್ತಾರು ಮೈಲಿ ಹೋಗಿ ತುಂಡು ಹುಡುಕಿ ಜೋಡಿಸುತ್ತಿದ್ದರು. ಅವರ ಹೆಸರು ಯಾವ ಇತಿಹಾಸದಲ್ಲೂ ಇಲ್ಲ.

ಇದು ನಮ್ಮ ಕಡೆಯ ಊರುಗಳ ಕಥೆ ಮಾತ್ರವಲ್ಲ. 1980ರ ಸುಮಾರಿಗೆ 70 ಕೋಟಿ ಜನರ ದೇಶದಲ್ಲಿ ಇದ್ದ ಫೋನುಗಳು 25 ಲಕ್ಷ, ಅವೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ನೂರಕ್ಕೆ 97 ಹಳ್ಳಿಗಳಲ್ಲಿ ಒಂದು ಫೋನೂ ಇರಲಿಲ್ಲ. ಸರಕಾರಕ್ಕೆ ಮನಸ್ಸಿದ್ದರೂ ಕೊಳ್ಳಲು ತಕ್ಕ ಯಂತ್ರ ಜಗತ್ತಿನಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ಲೆಕ್ಕದಲ್ಲಿ ಕಟ್ಟಿದವು. ಅವಕ್ಕೆ ಹವಾನಿಯಂತ್ರಿತ ಕೋಣೆ ಬೇಕು, ಕಡಿಯದ ವಿದ್ಯುತ್ತು ಬೇಕು. ಮನೆಗೊಂದು ಫೋನಿದ್ದು ದಿನಕ್ಕೆ ನಾಲ್ಕಾರು ಮಾತು ಆಡುವವರ ದೇಶಕ್ಕೆ ಲೆಕ್ಕ ಹಾಕಿ ಮಾಡಿದವು. ನಮ್ಮಲ್ಲಿ ಓಣಿಗೊಂದು ಫೋನು, ಅದಕ್ಕೆ ಇಡೀ ಓಣಿಯ ಕೈ. ಆ ಭಾರಕ್ಕೆ ಅವುಗಳ ಲೆಕ್ಕ ಸಾಲುತ್ತಿರಲಿಲ್ಲ.

ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ ಶಿಕಾಗೋದಲ್ಲಿ ಟೆಲಿಫೋನ್ ಸ್ವಿಚ್‌ಗಳ ವಿನ್ಯಾಸ ಮಾಡಿ ಹೆಸರಾದ ಸ್ಯಾಮ್ ಪಿತ್ರೋಡಾ ಇಲ್ಲಿಗೆ ಮರಳಿ ಹೇಳಿದ್ದು ಇದನ್ನೇ. ಸಾವಿರ ಲೈನಿನ ಯಂತ್ರವನ್ನು ಹಳ್ಳಿಗೆ ಹೊಂದಿಸಲು ಹೋಗಬೇಡಿ, ಹಳ್ಳಿಯಿಂದಲೇ ಯಂತ್ರವನ್ನು ಶುರುಮಾಡಿ ಎಂದರು. 1984ರ ಆಗಸ್ಟಿನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ ಎಂಬ ಗುರಿ. ದೆಹಲಿಯಲ್ಲೂ ನಮ್ಮ ಬೆಂಗಳೂರಿನಲ್ಲೂ ಕೆಲಸ. ಬಹುಪಾಲು ಎಂಜಿನಿಯರುಗಳು ಆಗಷ್ಟೇ ಕಾಲೇಜು ಬಿಟ್ಟ ಹುಡುಗ-ಹುಡುಗಿಯರು. ಎರಡೇ ವರ್ಷಕ್ಕೆ, 1986ರಲ್ಲಿ, ಅವರು ಮಾಡಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು, ಅಂದರೆ ನಾವು ‘ರ‍್ಯಾಕ್ಸ್’ ಅಂತ ಕರೆಯುತ್ತಿದ್ದ 128 ಪೋರ್ಟಿನ ಯಂತ್ರ, ಮೊಟ್ಟಮೊದಲು ನಿಂತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು. ದೆಹಲಿಯ ಬಡಾವಣೆಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ.

ಆ ಯಂತ್ರವನ್ನು ನಾನು ಮೊದಲ ಸಲ ಬಿಚ್ಚಿ ನೋಡಿದಾಗ ಆದ ಬೆರಗು ಇನ್ನೂ ನೆನಪಿದೆ. ಮನೆಯ ಕಪಾಟಿನಷ್ಟು ಎತ್ತರದ ಲೋಹದ ಪೆಟ್ಟಿಗೆ. ಒಳಗೆ ಸಾಲಾಗಿ ಕೂರಿಸಿದ ಕಾರ್ಡುಗಳು. ಅದಕ್ಕೆ ಎಸಿ ಬೇಡ. ಕಡಿಮೆ ವಿದ್ಯುತ್ತು ತಿನ್ನುವ ಚಿಪ್ಪುಗಳನ್ನು ಆರಿಸಿ, ಬಿಸಿಗಾಳಿ ತಾನೇ ಮೇಲೆದ್ದು ಹೋಗಿ ಕೆಳಗಿನಿಂದ ತಂಪುಗಾಳಿ ಒಳಬರುವಂತೆ ಪೆಟ್ಟಿಗೆ ಮಾಡಿದ್ದರು. ಚೈತ್ರ-ವೈಶಾಖದ ಬಿಸಿಲಿನಲ್ಲಿ ಎರೆಹೊಲದ ಧೂಳು ಕಿಟಕಿಯಿಂದ ನುಗ್ಗಿ ಕಾರ್ಡುಗಳ ಮೇಲೆ ಕೂತರೂ ಅದು ನಡೆಯುತ್ತಿತ್ತು. ಒಂದು ಕಾರ್ಡು ಕೆಟ್ಟರೆ ಅದನ್ನು ಎಳೆದು ಬೇರೆಯದು ತಳ್ಳಿದರಾಯಿತು, ದೊಡ್ಡ ಎಂಜಿನಿಯರು ಬರುವ ತನಕ ಕಾಯಬೇಕಿಲ್ಲ. ಮುಖ್ಯ ಭಾಗಗಳು ಜೋಡಿಯಾಗಿದ್ದವು. ಒಂದು ನಿಂತರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತಿತ್ತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕುಳಿತವರು ನಮ್ಮ ಕೋಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸಿದ್ದಾರೆ ಎಂಬುದು ಆ ಪೆಟ್ಟಿಗೆಯ ಪ್ರತಿ ಮೂಲೆಯಲ್ಲೂ ಕಾಣುತ್ತಿತ್ತು.

ಮುಂದಿನ ವರ್ಷಗಳಲ್ಲಿ ಅಂಥ ಎಕ್ಸ್‌ಚೇಂಜುಗಳು ನಮ್ಮ ತಾಲೂಕುಗಳ ಹಳ್ಳಿಗಳಿಗೂ ಬಂದವು. ಅವನ್ನು ನಡೆಸುವುದೂ ಒಂದು ವಿದ್ಯೆಯಾಗಿತ್ತು. ನೆಲದಲ್ಲಿ ಗುಣಿ ತೋಡಿ ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಕೊಡಬೇಕು. ಬೇಸಿಗೆಯಲ್ಲಿ ಆ ಗುಣಿಗೆ ನೀರು ಹಾಕುತ್ತಿರಬೇಕು. ಅಡ್ಡಮಳೆಯ ಹೊತ್ತಿಗೆ ಸಿಡಿಲಿಗೆ ಲೈನ್ ಕಾರ್ಡು ಸುಡುತ್ತಿದ್ದವು, ಅರ್ಥಿಂಗ್ ಸರಿಯಿದ್ದ ಕಡೆ ಕಡಿಮೆ, ಇಲ್ಲದ ಕಡೆ ಹೆಚ್ಚು. ಕರೆಂಟು ಹೋದಾಗ 48 ವೋಲ್ಟಿನ ಬ್ಯಾಟರಿಯೇ ಗತಿ. ಅದರ ಡಿಸ್ಟಿಲ್ಡ್ ನೀರು ಇಳಿಯದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟ ನಮ್ಮ ಎರೆಭೂಮಿಯದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಅಂಗೈ ಹೋಗುವಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ನೆಲದೊಳಗಿನ ಕೇಬಲ್ಲು ಎಳೆದುಕೊಂಡು ಜಾಯಿಂಟು ಬಿಟ್ಟುಕೊಳ್ಳುತ್ತಿತ್ತು. ಮಸಾರಿ ನೆಲದ ಶಿರಹಟ್ಟಿಯ ಕಡೆ ಈ ತೊಂದರೆ ಇಷ್ಟು ಇರಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಈ ಲೆಕ್ಕ ನಮ್ಮ ಜಾಯಿಂಟರುಗಳ ಕೈಯಲ್ಲಿತ್ತು.

ಕಪ್ಪತಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಎಕ್ಸ್‌ಚೇಂಜು ಚಾಲೂ ಆಗಿ, ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಗೆ ಎಸ್‌ಟಿಡಿ ಹಳದಿ ಬೋರ್ಡು ಬಿದ್ದ ದಿನಗಳು. ಗೋವಾಕ್ಕೆ ದುಡಿಯಲು ಗುಳೆ ಹೋದ ಮಗ ಅಲ್ಲಿಂದ ಫೋನು ಮಾಡುತ್ತಾನೆಂದು ಒಬ್ಬ ಅಜ್ಜಿ ಬಂದು ಕುಳಿತಿದ್ದರು. ಗಂಟೆ ಬಾರಿಸಿತು. ರಿಸೀವರ್ ಹೇಗೆ ಹಿಡಿಯಬೇಕೆಂದು ಅಂಗಡಿಯವರು ತೋರಿಸಿದರು. ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿ, “ಯಪ್ಪಾ, ಬಾಜೂ ಮನ್ಯಾಗ ಕುಂತು ಮಾತಾಡಿದಂಗ ಆತಲ್ಲೋ! ಅಂವ ಉಂಡಿಲ್ಲ ಅನ್ನೂದು ಧ್ವನಿ ಮ್ಯಾಲೇ ತಿಳೀತು ನೋಡು” ಅಂದರು. ಡಿಜಿಟಲ್ ಧ್ವನಿಯ ಗುಣಮಟ್ಟಕ್ಕೆ ನಾನು ಕೇಳಿದ ಅತ್ಯುತ್ತಮ ಪ್ರಮಾಣಪತ್ರ ಅದು.

ವ್ಯಾಪಾರದ ಮೇಲೂ ಪರಿಣಾಮವಾಯಿತು. ಪಿತ್ರೋಡಾ 1993ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನದಲ್ಲಿ 5,000 ಜನರ ಒಂದು ಊರಿನ ಲೆಕ್ಕ ಕೊಟ್ಟಿದ್ದಾರೆ. ನೂರು ಲೈನಿನ ಎಕ್ಸ್‌ಚೇಂಜು ಬಂದ ಆರು ತಿಂಗಳಲ್ಲಿ ಆ ಊರಿನ ಬ್ಯಾಂಕ್ ಠೇವಣಿ ನೂರಕ್ಕೆ 80ರಷ್ಟು ಏರಿತಂತೆ. ಗದಗದ ಎಪಿಎಂಸಿಗೆ ಉಳ್ಳಾಗಡ್ಡಿ ಚೀಲ ತುಂಬುವ ಮೊದಲು ಧಾರಣೆ ಕೇಳಿಕೊಂಡು, ಇವತ್ತು ಬೇಡ ನಾಳೆ ತರೋಣ ಎಂದು ಗಾಡಿ ನಿಲ್ಲಿಸಿದ ರೈತರನ್ನು ಕಂಡ ನನಗೆ ಆ ಅಂಕಿ ಹೆಚ್ಚೆನಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ರ‍್ಯಾಕ್ಸ್ ಅಂದರೆ ಕಂಪ್ಯೂಟರೇ. ಪ್ರೊಸೆಸರು, ಮೆಮೊರಿ, ಅದರೊಳಗೆ ಬರೆದಿಟ್ಟ ಪ್ರೋಗ್ರಾಮು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮೊದಲು ಕಾಲಿಟ್ಟ ಕಂಪ್ಯೂಟರು ಶಾಲೆಯಲ್ಲೂ ಅಲ್ಲ, ಬ್ಯಾಂಕಿನಲ್ಲೂ ಅಲ್ಲ, ಎಕ್ಸ್‌ಚೇಂಜಿನ ಕೋಣೆಯಲ್ಲಿ. ಅದೇ 1986ರಲ್ಲಿ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು ಸಾಮಾನ್ಯ ಮೈಕ್ರೊಪ್ರೊಸೆಸರುಗಳನ್ನು ಜೊತೆಗೂಡಿಸಿ ‘ಫ್ಲೋಸಾಲ್ವರ್’ ಎಂಬ ದೇಶದ ಮೊದಲ ಸಮಾಂತರ ಕಂಪ್ಯೂಟರು ಕಟ್ಟಿದರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿ 1991ಕ್ಕೆ ಪರಮ್ 8000 ಸೂಪರ್ ಕಂಪ್ಯೂಟರು ಕೊಟ್ಟಿತು. ಒಂದು ದೊಡ್ಡ ಯಂತ್ರ ಕೊಳ್ಳಲಾಗದಿದ್ದರೆ ಸಣ್ಣವನ್ನು ಕೂಡಿಸಿ ದೊಡ್ಡದು ಮಾಡು ಎಂಬ ಆ ಬುದ್ಧಿಯೂ ಹಳ್ಳಿಯ ಅಳತೆಗೆ ಎಕ್ಸ್‌ಚೇಂಜು ಮಾಡಿದ ಬುದ್ಧಿಯೂ ಒಂದೇ ಮಣ್ಣಿನವು.

ತಂತಿ ಇಲ್ಲದ ಫೋನು ನಮ್ಮ ಕಡೆಗೆ ಮೊಬೈಲಿಗಿಂತ ಮೊದಲೇ ಬಂದಿತ್ತು. ಅದನ್ನು ಈಗ ಯಾರೂ ನೆನೆಯುವುದಿಲ್ಲ, ಯಾಕೆಂದರೆ ಅದು ಸೋತಿತು. 90ರ ದಶಕದಲ್ಲಿ ಕೇಬಲ್ಲು ಎಳೆಯಲಾಗದ ಹಳ್ಳಿಗಳ ಸಾರ್ವಜನಿಕ ಫೋನಿಗೆ ಮಾರ್ ಎಂಬ ರೇಡಿಯೊ ವ್ಯವಸ್ಥೆ ಹಾಕಿದರು. ಎಕ್ಸ್‌ಚೇಂಜಿನ ಬಳಿ ಒಂದು ಕಂಬ, ಹಳ್ಳಿಯಲ್ಲಿ ಒಂದು ಆಂಟೆನಾ, ಸೋಲಾರ್ ಪ್ಲೇಟು, ಬ್ಯಾಟರಿ. ಹಲವು ಹಳ್ಳಿಗಳು ಕೆಲವೇ ಚಾನೆಲ್ಲುಗಳನ್ನು ಹಂಚಿಕೊಳ್ಳಬೇಕು. ಕಾಗದದ ಮೇಲೆ ಒಳ್ಳೆಯ ಯೋಚನೆ. ಆದರೆ ಅದು ಅನಲಾಗ್. ಬ್ಯಾಟರಿ ಸತ್ತರೆ ಫೋನು ಸತ್ತಿತು, ಬಿಡಿಭಾಗ ಸಿಗದು, ಆಂಟೆನಾ ಗಾಳಿಗೆ ತಿರುಗಿದರೆ ಮತ್ತೆ ಏರಿ ದಿಕ್ಕು ಹಚ್ಚಬೇಕು. ದೇಶದಾದ್ಯಂತ ಹಾಕಿದ ಈ ಫೋನುಗಳನ್ನು 2000ದ ನಂತರ ಬೇರೆ ತಂತ್ರಜ್ಞಾನಕ್ಕೆ ಬದಲಿಸಬೇಕಾಯಿತು. ರ‍್ಯಾಕ್ಸ್ ಗೆದ್ದ ನೆಲದಲ್ಲೇ ಮಾರ್ ಯಾಕೆ ಸೋತಿತು? ನನ್ನ ಉತ್ತರ ಇಷ್ಟು: ಒಂದರ ವಿನ್ಯಾಸದಲ್ಲಿ ರಿಪೇರಿ ಮಾಡುವವನಿಗೂ ಜಾಗ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಮೊಬೈಲಿನ ಕಥೆ ಎಲ್ಲರಿಗೂ ಗೊತ್ತು. 1995ರ ಜುಲೈ 31ರಂದು ಕಲ್ಕತ್ತದಿಂದ ಜ್ಯೋತಿ ಬಸು ದೆಹಲಿಗೆ ಮಾಡಿದ ಕರೆಯಿಂದ ಶುರು. ಮೊದಮೊದಲು ಮಾತಾಡಿದವರಿಗೂ ದುಡ್ಡು, ಕೇಳಿಸಿಕೊಂಡವರಿಗೂ ದುಡ್ಡು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು, 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅಲ್ಲಿಂದ ಎಕ್ಸ್‌ಚೇಂಜಿನ ಕೋಣೆಗಳು ಒಂದೊಂದಾಗಿ ಖಾಲಿಯಾದವು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು 5ಜಿಯ ಒಂದು ಸಣ್ಣ ಅಧ್ಯಾಯದ ಮೇಲೆ. 5ಜಿಗೆ ಮಾನದಂಡ ಬರೆಯುವಾಗ ಗ್ರಾಮೀಣ ಪ್ರದೇಶದ ಪರೀಕ್ಷೆಗೆಂದು ಜಗತ್ತು ಇಟ್ಟುಕೊಂಡ ಅಳತೆ, ಟವರಿನಿಂದ ಟವರಿಗೆ 1,732 ಮೀಟರ್. ಮುಂಡರಗಿಯಿಂದ ಶಿಂಗಟಾಲೂರಿನ ಕಡೆ ಹೊರಟು ನೋಡಿ, ಎಷ್ಟು ದೂರಕ್ಕೊಂದು ಟವರಿದೆ ಎಂದು. ನಮ್ಮ ದೇಶದ ದೂರಸಂಪರ್ಕ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ, ಮದ್ರಾಸು ಮತ್ತು ಹೈದರಾಬಾದಿನ ಐಐಟಿಗಳು, ಚೆನ್ನೈನ ಸಿವಿಟ್ ಕೇಂದ್ರ ಸೇರಿ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ಮುಂದೆ ವಾದ ಇಟ್ಟವು. ನಮ್ಮಲ್ಲಿ ಫೈಬರ್ ಕೇಬಲ್ಲು ಗ್ರಾಮ ಪಂಚಾಯಿತಿಯ ತನಕ ಬರುತ್ತದೆ, ಟವರು ಅಲ್ಲಿ ನಿಲ್ಲುತ್ತದೆ, ಸುತ್ತಲಿನ ಮೂರು ಕಿಲೊಮೀಟರಿನ ಹಳ್ಳಿಗಳಿಗೆ ಅದೊಂದೇ ಆಸರೆ, ಆದ್ದರಿಂದ ಟವರುಗಳ ನಡುವೆ 6 ಕಿಲೊಮೀಟರ್ ಇಟ್ಟು ಪರೀಕ್ಷೆ ಮಾಡಿ ಎಂದು. 2017ರಲ್ಲಿ ಐಟಿಯು ಅದನ್ನು ಒಪ್ಪಿ 5ಜಿಯ ಕಡ್ಡಾಯ ಪರೀಕ್ಷೆಗಳಲ್ಲಿ ಸೇರಿಸಿತು.

ಅಷ್ಟು ದೂರದಲ್ಲಿ ತೊಂದರೆ ಎಲ್ಲಿ ಬರುತ್ತದೆ ಎಂಬುದನ್ನು ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ. ಟವರಿಗೆ ಬೇಕಾದಷ್ಟು ವಿದ್ಯುತ್ತಿದೆ, ಅದರ ಮಾತು ನಮ್ಮ ಫೋನಿಗೆ ಮುಟ್ಟುತ್ತದೆ. ಫೋನು ಉತ್ತರ ಕೊಡಬೇಕಲ್ಲ, ಅದಕ್ಕಿರುವ ಬಲ ಸಾಮಾನ್ಯವಾಗಿ ವಾಟಿನ ಐದನೇ ಒಂದು ಭಾಗ. ಆ ಬಲವನ್ನೂ ಪೂರ್ತಿ ಬಳಸಲಾಗದು, ಯಾಕೆಂದರೆ ಸಂಕೇತದ ಅಲೆ ಏರಿಳಿಯುತ್ತದೆ. ಏರಿದಾಗ ಆಂಪ್ಲಿಫೈಯರ್ ಕೆಡಿಸದಿರಲೆಂದು ಸರಾಸರಿಯನ್ನು ತಗ್ಗಿಸಿ ಇಡಬೇಕಾಗುತ್ತದೆ. ನಮ್ಮವರು ಮುಂದಿಟ್ಟ ವಿಧಾನದಲ್ಲಿ ಅಲೆಯ ಆಕಾರ ತಿದ್ದಿ ಏರಿಳಿತ ಕಡಿಮೆ ಮಾಡಿದರು. ಅದೇ ಬ್ಯಾಟರಿ, ಅದೇ ಫೋನು, ಆದರೆ ಮಾತು ಇನ್ನಷ್ಟು ದೂರ ಮುಟ್ಟುತ್ತದೆ. ಮೊದಲಿಗೆ 5ಜಿಐ ಎಂಬ ಹೆಸರಿನಲ್ಲಿ ಇದ್ದ ಆ ಕೆಲಸ ಮುಂದೆ ಜಾಗತಿಕ 5ಜಿಯೊಳಗೇ ಸೇರಿತು. ನಮ್ಮ ಹಳ್ಳಿಯ ಸ್ಥಿತಿಯೇ ಸಂಶೋಧನೆಯ ಪ್ರಶ್ನೆಯಾದದ್ದು ಕಿತ್ತೂರಿನ ನಂತರ ಇದು ಎರಡನೇ ಸಲ ಎಂದು ನಾನು ತಿಳಿದಿದ್ದೇನೆ.

ಇಂಥ ಸಂಶೋಧನೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗ 1946ರಿಂದ ಇದೆ. ಅಲ್ಲಿನ ಪಿ. ವಿಜಯ್ ಕುಮಾರ್ ಸಹಲೇಖಕರಾಗಿ ರೂಪಿಸಿದ ಸಂಕೇತಮಾಲೆ 3ಜಿ ಮಾನದಂಡದಲ್ಲಿ ಸೇರಿದೆ. ಎ. ಚೊಕ್ಕಲಿಂಗಂ ಅವರ ಬಳಗ ಹತ್ತಾರು ಆಂಟೆನಾಗಳನ್ನು ಒಟ್ಟಿಗೆ ದುಡಿಸುವ ಗಣಿತದಲ್ಲಿ ಮೊದಲಿಗರಲ್ಲೊಂದು. 2022ರಲ್ಲಿ ಅದೇ ಆವರಣದಲ್ಲಿ 3.3 ಪೆಟಾಫ್ಲಾಪಿನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರು ಚಾಲೂ ಆಯಿತು. ಇವೆಲ್ಲ ನಮ್ಮ ರಾಜ್ಯದ ಹೆಮ್ಮೆ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದ ಉದ್ಘಾಟನೆಯಾದಾಗ ನಾನು ಟಿವಿ ಮುಂದೆ ಕುಳಿತಿದ್ದೆ. ಅದರ ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎಲ್ಲ ಕರೆಗಳನ್ನೂ ನಡೆಸುವ ತಿರುಳು ಸಿ-ಡಾಟ್‌ನದು. ಕಿತ್ತೂರಿನಲ್ಲಿ ನೂರು ಚಿಲ್ಲರೆ ಪೋರ್ಟುಗಳಿಂದ ಹೊರಟ ಸಂಸ್ಥೆ 97,500ಕ್ಕೂ ಹೆಚ್ಚು ಟವರುಗಳಿಗೆ ಬಂದು ನಿಂತಿದೆ. 39 ವರ್ಷ ಹಿಡಿಯಿತು. ನಡುವೆ ನಾವು 2ಜಿ, 3ಜಿಗಳಲ್ಲಿ ಹೊರಗಿನ ಯಂತ್ರವನ್ನೇ ಕೊಂಡೆವು, ಕಿತ್ತೂರಿನ ಪಾಠವನ್ನು ಬಿಟ್ಟುಬಿಟ್ಟೆವು. ಆ ಬಿಡುವು ಬೇಕಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ 6ಜಿ. ಭಾರತದ 6ಜಿ ದರ್ಶನಪತ್ರ 2023ರ ಮಾರ್ಚಿನಲ್ಲಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಐಟಿಯು ತನ್ನ ಚೌಕಟ್ಟನ್ನು ಪ್ರಕಟಿಸಿ, ಎಲ್ಲೆಡೆಗೂ ಸಂಪರ್ಕ ಎಂಬುದನ್ನು ಗುರಿಗಳಲ್ಲಿ ಒಂದಾಗಿ ಬರೆಯಿತು. ಟವರಿನ ಬುಡದಲ್ಲೇ ಕಂಪ್ಯೂಟರು ಇಟ್ಟು ಲೆಕ್ಕಾಚಾರ ಅಲ್ಲಿಯೇ ಮುಗಿಸುವ ಎಡ್ಜ್ ಕಂಪ್ಯೂಟಿಂಗಿನ ಮಾತೂ ಜೋರಾಗಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಮತ್ತೆ ಆ ಹಳೆಯ ಎಕ್ಸ್‌ಚೇಂಜ್ ಕೋಣೆಯ ಪ್ರಶ್ನೆಗಳೇ ಏಳುತ್ತವೆ: ಎಸಿ ಇಲ್ಲದೆ ನಡೆಯುತ್ತದೆಯೆ? ಧೂಳು ತಡೆಯುತ್ತದೆಯೆ? ಕರೆಂಟು ಹೋದರೆ ಎಷ್ಟು ಹೊತ್ತು? ಕೆಟ್ಟರೆ ಯಾರು ತಿದ್ದುತ್ತಾರೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಪ್ಪತಗುಡ್ಡಕ್ಕಿಂತ ಒಳ್ಳೆಯ ಪ್ರಯೋಗಾಲಯ ಇಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ನಡುವೆ ಉದ್ದಕ್ಕೆ ಮಲಗಿದ ಗುಡ್ಡ. ಅದರ ಒಂದು ಮಗ್ಗುಲಿನ ಟವರು ಇನ್ನೊಂದು ಮಗ್ಗುಲಿಗೆ ಕಾಣದು, ಹಲವು ಊರುಗಳು ಅದರ ರೇಡಿಯೊ ನೆರಳಿನಲ್ಲಿವೆ. ಸುತ್ತ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು ತಿರುಗುತ್ತಿರುತ್ತವೆ. ಅವು ಅಲೆಗಳನ್ನು ಹೇಗೆ ಚದುರಿಸುತ್ತವೆ ಎಂಬುದೇ ಒಂದು ಅಧ್ಯಯನ. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಗಿದೆ, ಮನಬಂದಲ್ಲಿ ಟವರು ನಿಲ್ಲಿಸುವಂತಿಲ್ಲ, ನಿಲ್ಲಿಸಲೂಬಾರದು. ಹಾಗಾದರೆ ಕಡಿಮೆ ಕಂಬಗಳಲ್ಲಿ ಹೆಚ್ಚು ಊರು ಮುಟ್ಟುವುದು ಹೇಗೆ? ಇದಕ್ಕಿಂತ ನಿಜವಾದ 6ಜಿ ಪ್ರಶ್ನೆ ನನಗಂತೂ ಕಂಡಿಲ್ಲ.

ಆದ್ದರಿಂದ ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳ ಗುರುಗಳಲ್ಲಿ, ಮಕ್ಕಳಲ್ಲಿ ನನ್ನ ವಿನಂತಿ ಇಷ್ಟೆ. ಪ್ರಾಜೆಕ್ಟಿನ ಒಂದು ಭಾಗವನ್ನು ಹೊರಗೆ ಮಾಡಿ. ಡಂಬಳದಿಂದ ಡೋಣಿಯ ತನಕ, ಕಡಕೋಳದ ಸುತ್ತ, ತುಂಗಭದ್ರೆಯ ದಂಡೆಗುಂಟ ಸಿಗ್ನಲ್ಲಿನ ಬಲವನ್ನು ಅಳೆಯಿರಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಜೋಳ ಎದೆಯೆತ್ತರ ನಿಂತಾಗ ಒಮ್ಮೆ. ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಹಾಗೆಯೇ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಮ್ಯಾಗ್ನೆಟೊ ಫೋನು, ಟ್ರಂಕ್ ಕಾಲ್ ಚೀಟಿ, ಡೈರೆಕ್ಟರಿ, ರ‍್ಯಾಕ್ಸ್ ಕಾರ್ಡು ಇದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಕಾಲೇಜಿಗೆ ಕೊಡಿ. ಎಕ್ಸ್‌ಚೇಂಜಿನಲ್ಲಿ ದುಡಿದ ಲೈನ್‌ಮನ್, ಜಾಯಿಂಟರ್, ಆಪರೇಟರುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ, ಬರೆದುಕೊಳ್ಳಿ. ಅಳತೆಗೆ ಜೊತೆ ಬೇಕಾದರೆ ನಾನೂ ಬರುತ್ತೇನೆ.